ಬಸ್ಸಿನ ಅಂಗಳಕ್ಕೆ ಡಾಂಬರು ಬಳಿದ ಬೇಸಿಗೆ

ಚಿಕ್ಕಮ್ಮನ ಮಗಳು ಹೈದರಾಬಾದಿನ ಶಂಶಾಬಾದಿನಲ್ಲಿ ಹೊಸ ಫ್ಲ್ಯಾಟು ಕೊಂಡು ಗೃಹಪ್ರವೇಶಕ್ಕೆ ಕರೆದಿದ್ದಳು. ಊಟ ಮುಗಿಸಿ ಕೆಳಗಿಳಿದು ಬಂದರೆ ಕಾರು ನಿಲ್ಲಿಸುವ ಜಾಗದ ಅರ್ಧಕ್ಕೆ ಹಗ್ಗ ಕಟ್ಟಿದ್ದರು. ಇಬ್ಬರು ಕೆಲಸಗಾರರು ಉದ್ದನೆಯ ಕೊಳವೆ ಹಿಡಿದು ನೆಲಕ್ಕೆ ಕಪ್ಪು ದ್ರವ ಸಿಂಪಡಿಸುತ್ತಿದ್ದರು. ಬೆಂಕಿಯಿಲ್ಲ, ಡ್ರಮ್ಮಿಲ್ಲ, ಹೊಗೆಯಿಲ್ಲ. ಕೈಗೆ ಗವಸು, ಕಾಲಿಗೆ ರಬ್ಬರಿನ ಬೂಟು. ಎಲ್ಲ ಬದಲಾಗಿದ್ದರೂ ವಾಸನೆ ಮಾತ್ರ ಡಾಂಬರಿನದೇ. ನನ್ನ ಯಜಮಾನರು ಮೂಗಿಗೆ ಕರವಸ್ತ್ರ ಹಿಡಿದು ಬೇಗಬೇಗ ನಡೆದರು. ನಾನು ಹಗ್ಗದ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತೆ. ಒಂದು ಬೇಸಿಗೆಯಲ್ಲಿ ಒಂಬತ್ತು ದಿನ ನಾನು ಈ ವಾಸನೆಯಲ್ಲೇ ಕಳೆದಿದ್ದೆ.

ಎಂಬತ್ತರ ದಶಕದ ಮಾತು. ಸನತ್‌ನಗರದ ಆಚೆಗಿದ್ದ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯ ಸಿವಿಲ್ ವಿಭಾಗಕ್ಕೆ ಜೂನಿಯರ್ ಇಂಜಿನಿಯರಾಗಿ ಸೇರಿ ನನಗೆ ಏಳು ತಿಂಗಳಾಗಿತ್ತು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ವಿಭಾಗದಲ್ಲಿ ನಾನೊಬ್ಬಳೇ ಹೆಣ್ಣು. ಅಪ್ಪ ಗುಲ್ಬರ್ಗದಿಂದ ಬಂದು ರೆವಿನ್ಯೂ ಖಾತೆಯಲ್ಲಿ ದುಡಿದು, ತಾರ್ನಾಕದಲ್ಲಿ ಸಣ್ಣ ಮನೆ ಕಟ್ಟಿಸಿ ನಿವೃತ್ತರಾಗಿದ್ದರು. ಅಲ್ಲಿಂದ ಎರಡು ಬಸ್ಸು ಬದಲಿಸಿ ನಾನು ಕೆಲಸಕ್ಕೆ ಬರುತ್ತಿದ್ದೆ. ಹೊರಗೆ ಮಾತೆಲ್ಲ ತೆಲುಗು, ಹಿಂದಿ. ಆದರೆ ನನ್ನ ಮೇಲಧಿಕಾರಿ ದೇಸಾಯಿ ಸಾಹೇಬರು ಬಿಜಾಪುರದವರು. ಫೈಲಿಗೆ ಸಹಿ ಹಾಕುವಾಗ ಇಂಗ್ಲಿಷು, ಬೈಯುವಾಗ ಕನ್ನಡ.

ಮೇ ತಿಂಗಳಲ್ಲಿ ಒಂದು ದಿನ ಅವರು ನನ್ನನ್ನು ಕಾರ್ಖಾನೆಯ ಗೇಟಿನ ಎದುರಿನ ಅಂಗಳಕ್ಕೆ ಕರೆದುಕೊಂಡು ಹೋದರು. ಪಾಳಿ ಬದಲಾಗುವಾಗ ನೌಕರರ ಬಸ್ಸುಗಳೆಲ್ಲ ಬಂದು ನಿಲ್ಲುವ ಜಾಗ ಅದು. ಬಸ್ಸುಗಳಿಂದ ಡೀಸೆಲ್ ತೊಟ್ಟಿಕ್ಕಿ ತೊಟ್ಟಿಕ್ಕಿ ಅಲ್ಲಲ್ಲಿ ಡಾಂಬರು ಮೆತ್ತಗಾಗಿ ಕಿತ್ತು ಬಂದಿತ್ತು. ಉಳಿದಲ್ಲಿ ಮೊಸಳೆಯ ಬೆನ್ನಿನಂತೆ ಬಿರುಕು. ಹಿಂದಿನ ಮಳೆಗಾಲದಲ್ಲಿ ಆ ಬಿರುಕಿನಿಂದ ನೀರಿಳಿದು ತಳದ ಮಣ್ಣು ಕುಸಿದು, ಜನ ತುಂಬಿದ್ದ ಬಸ್ಸೊಂದು ಒಂದೇ ಕಡೆ ವಾಲಿ ನಿಂತಿತ್ತಂತೆ.

"ಯಂತ್ರಗಳ ರಿಪೇರಿಗಂತ ವರ್ಷಕ್ಕ ಒಂಬತ್ತ ದಿನ ಕಾರ್ಖಾನಿ ಬಂದ್ ಇರ್ತದ. ಅಷ್ಟೇ ದಿನ ಈ ಅಂಗಳ ಖಾಲಿ ಸಿಗೋದು," ಎಂದರು ಸಾಹೇಬರು. "ಬಿರುಕು ತುಂಬಿಸಿ, ಮ್ಯಾಲೆ ಸೀಲ್ ಕೋಟ್ ಹಾಕಿಸ್ರಿ. ಹತ್ತನೇ ದಿನ ಬಸ್ಸು ಬರ್ತಾವ. ಆಮ್ಯಾಲೆ ಜೂನ್‌ದಾಗ ಮಿರಗದ ಮಳಿ. ನಿಮ್ಮ ಕೈಯಾಗ ಕೊಟ್ಟೀನಿ."

ಹಳೆಯ ನೆಲದ ಮೇಲೆ ತೆಳ್ಳಗೆ ಡಾಂಬರು ಬಳಿದು ಸಣ್ಣ ಜಲ್ಲಿ ಹರಡುವ ಆ ಸೀಲ್ ಕೋಟೇ ನನ್ನ ಕೈಗೆ ಬಂದ ಮೊದಲ ಕೆಲಸ. ನೀಲಿ ಪುಸ್ತಕವೊಂದರಲ್ಲಿ ಲೆಕ್ಕ ಹಾಕಿಕೊಂಡೆ. ಡಾಂಬರಿನ ಬಿಸಿ ಅಳೆಯಲು ಸ್ಟೋರಿನಿಂದ ಹಿತ್ತಾಳೆ ಕವಚದ ಉದ್ದನೆಯ ಥರ್ಮಾಮೀಟರು ಬರೆಸಿಕೊಂಡೆ.

ಕೆಲಸಕ್ಕೆ ಬಂದವನು ಸಿದ್ದಪ್ಪ ಮೇಸ್ತ್ರಿ. ಯಾದಗಿರಿ ಕಡೆಯ ಹಳ್ಳಿಯವನು, ಐವತ್ತರ ಆಸುಪಾಸು, ಬಿದಿರುಗಳೆಯಂಥ ಉದ್ದನೆಯ ಆಳು. ಹರೆಯದಲ್ಲೇ ರಸ್ತೆ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದವನು. ಕಾಲಿಗೆ ಗೋಣಿತಾಟು ಸುತ್ತಿ, ತಲೆಗೆ ಟವೆಲು ಕಟ್ಟಿ, ಬೇವಿನ ಕೋಲೊಂದನ್ನು ಹಿಡಿದು ತಿರುಗುತ್ತಿದ್ದ. ಕೋಲನ್ನು ಕುದಿಯುವ ಡಾಂಬರಿನಲ್ಲಿ ಅದ್ದಿ ಮೇಲೆತ್ತಿ, ಅದು ಇಳಿಯುವ ಬಗೆ ನೋಡಿ "ಆತು" ಅಥವಾ "ಇನ್ನಾ ಇಲ್ಲ" ಅನ್ನುತ್ತಿದ್ದ. ನಾನು ಥರ್ಮಾಮೀಟರು ಇಳಿಬಿಟ್ಟು ನೋಡಿದರೆ ಅವನ ಮಾತೇ ಸರಿ ಇರುತ್ತಿತ್ತು. ನನಗೆ ಅದರಿಂದ ಸಂತೋಷವೇನೂ ಆಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅವನ ಜೊತೆ ಪಾಲಮೂರಿನ ಕಡೆಯ ಎಂಟು ಹೆಣ್ಣಾಳುಗಳು. ಅವರಿಗೆಲ್ಲ ಹಿರಿಯಳು ಬಾಲಮ್ಮ. ತೆಲುಗಿನಲ್ಲೇ ಮಾತು, ಮಾತಿಗಿಂತ ಕೆಲಸ ಜಾಸ್ತಿ.

ಮೊದಲ ಎರಡು ದಿನ ಬಿರುಕುಗಳ ಕೆಲಸ. ಹೆಂಗಸರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು ಬಿರುಕಿನಲ್ಲಿ ಬೆಳೆದ ಹುಲ್ಲು ಕಿತ್ತರು, ತಂತಿಯ ಬ್ರಷ್ಷಿನಿಂದ ಉಜ್ಜಿದರು, ತಿದಿ ಒತ್ತಿ ದೂಳು ಹಾರಿಸಿದರು. ಸಿದ್ದಪ್ಪ ಚಹಾದ ಕಿಟ್ಲಿಯಂಥ ಡಬ್ಬಿಯಲ್ಲಿ ಬಿಸಿ ಡಾಂಬರು ಹಿಡಿದು, ದೋಸೆಗೆ ಎಣ್ಣೆ ಬಿಡುವವನಂತೆ ಬಿರುಕಿನುದ್ದಕ್ಕೂ ಬಿಟ್ಟುಕೊಂಡು ಹೋದ. ಹಿಂದೆಯೇ ಒಬ್ಬಳು ಮರಳು ಉದುರಿಸಿದಳು. ಮೇ ಕೊನೆಯ ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಸೀಳುತ್ತದೆ ಎಂದು ತೆಲುಗರು ಹೇಳುತ್ತಾರೆ. ಆ ಬಿಸಿಲಲ್ಲಿ ಮೂರು ಕಲ್ಲಿನ ಮೇಲಿಟ್ಟ ಡ್ರಮ್ಮಿನ ಕೆಳಗೆ ಸೌದೆ ಉರಿ. ನಾನು ಕೊಡೆ ಹಿಡಿದು ನಿಂತಿರುತ್ತಿದ್ದೆ. ಸಂಜೆ ಮನೆಗೆ ಹೋದರೆ ನಾವು ಆಯಿ ಎನ್ನುತ್ತಿದ್ದ ಅಮ್ಮ ನನ್ನ ಸೀರೆಯನ್ನು ಹಿತ್ತಲಲ್ಲೇ ಬಿಚ್ಚಿಡಿಸುತ್ತಿದ್ದಳು.

ಮೂರನೆಯ ದಿನ ಉಳಿದ ಬಿರುಕುಗಳನ್ನು ಮುಗಿಸಿ ಸಿದ್ದಪ್ಪ ಮಧ್ಯಾಹ್ನ ಹೊರಟ. ಅವನ ಮಗಳು ಊರಿಗೆ ಹೆರಿಗೆಗೆ ಬಂದಿದ್ದಳು. ಬಾಣಂತನಕ್ಕೆ ಹೆಂಡತಿಯನ್ನು ನಾಂಪಲ್ಲಿಯಲ್ಲಿ ರೈಲು ಹತ್ತಿಸಬೇಕಿತ್ತು.

"ಉರಿ ಆರಿಸೀನ್ರಿ ಅಕ್ಕಾರ. ಡ್ರಮ್ಮಿನ ಮ್ಯಾಲ ತಗಡು ಮುಚ್ಚೀನಿ," ಎಂದ. "ನಾಳಿ ಹೊತ್ತು ಹುಟ್ಟೂದ್ರಾಗ ಬಂದು ಹಚ್ತೀನಿ. ನಾಳಿಯಿಂದ ಸೀಲ್ ಕೋಟ್."

ಅವನು ಹೋಗಿ ಎರಡು ಗಂಟೆಯಾಗಿತ್ತೇನೋ. ಬಾಲಾನಗರದ ಕಡೆಯಿಂದ ಕೆಂಪು ದೂಳೆದ್ದಿತು. ಹಿಂದೆಯೇ ಕಪ್ಪು ಮೋಡ. ಅಂಗಳದ ಮೂಲೆಯಲ್ಲಿ ಸೀಲ್ ಕೋಟಿನ ಮೇಲೆ ಹರಡಲು ತರಿಸಿದ್ದ ಸಣ್ಣ ಜಲ್ಲಿಯ ರಾಶಿ ಬಯಲಿನಲ್ಲಿ ಬಿದ್ದಿತ್ತು. ಜಲ್ಲಿ ಒದ್ದೆಯಾದರೆ ಡಾಂಬರಿಗೆ ಹಿಡಿಯುವುದಿಲ್ಲ, ಅದು ಒಣಗುವವರೆಗೆ ಒಂದು ದಿನ ಹೋಗುತ್ತದೆ. ಸುತ್ತ ನೋಡಿದೆ. ಮುಚ್ಚಲು ಇದ್ದದ್ದು ಡ್ರಮ್ಮುಗಳ ಮೇಲಿನ ತಗಡುಗಳು ಮಾತ್ರ. ಅವನ್ನು ತೆಗೆದು ಜಲ್ಲಿಗೆ ಹೊದಿಸಿ ಎಂದೆ.

ಬಾಲಮ್ಮ ತಗಡಿಗೆ ಕೈಹಚ್ಚಿ ನಿಂತಳು. ಡ್ರಮ್ಮುಗಳ ಗತಿಯೇನು ಎಂದು ತೆಲುಗಿನಲ್ಲಿ ಕೇಳಿದಳು.

"ಡಾಂಬರಿಗೆ ನೀರು ಏನು ಮಾಡುತ್ತೆ? ನೀರು ಇಳಿಯಬಾರದು ಅಂತಲೇ ಅಲ್ಲವೇ ಅದನ್ನು ಬಳಿಯೋದು?" ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ಜಾಣತನದ ಮಾತು ಆಡಿದೆನೆಂದೇ ನನಗೆ ಅನ್ನಿಸಿತ್ತು.

ಅರ್ಧ ಗಂಟೆ ಹುಯ್ದು ಮಳೆ ನಿಂತಿತು. ಜಲ್ಲಿ ಒಣಗಿಯೇ ಉಳಿಯಿತು. ಡ್ರಮ್ಮುಗಳಲ್ಲಿ ನಿಂತಿದ್ದ ನೀರನ್ನು ಹೆಂಗಸರು ವಾಲಿಸಿ ಚೆಲ್ಲಿದರು. ಮೇಸ್ತ್ರಿ ನೋಡಿದರೆ ಬೈದಾನು ಎಂದು ಬಾಲಮ್ಮ ತಗಡುಗಳನ್ನು ಮೊದಲಿನಂತೆಯೇ ಡ್ರಮ್ಮುಗಳ ಮೇಲೆ ಇಟ್ಟಳು. ನಾನು ನೋಡುತ್ತಿದ್ದೆ. ಆದರೆ ಬಿಸಿ ಆರಿದ ಡಾಂಬರು ಡ್ರಮ್ಮಿನ ಅಂಚಿನಿಂದ ಬಿಟ್ಟುಕೊಂಡು ಸುತ್ತಲೂ ಸಂದಿಯಾಗಿರುತ್ತದೆ. ಆ ಸಂದಿಯಲ್ಲಿ ಇಳಿದ ನೀರು ಒಳಗೇ ಉಳಿದಿತ್ತು. ಅದು ನನಗೆ ಗೊತ್ತಿರಲಿಲ್ಲ.

ಮರುದಿನ ನಾನು ಬರುವ ಹೊತ್ತಿಗೆ ಸಿದ್ದಪ್ಪ ಬೆಂಕಿ ಹಚ್ಚಿಯಾಗಿತ್ತು. ತಾನು ಮುಚ್ಚಿದ ತಗಡು ಮುಚ್ಚಿದಂತೆಯೇ ಇತ್ತು, ಒಳಗೆ ನೀರು ಬಿದ್ದಿರಬಹುದೆಂದು ಅವನು ಯಾಕೆ ಅಂದುಕೊಳ್ಳಬೇಕು? ದೊಡ್ಡ ಉರಿಯನ್ನೇ ಹಾಕಿದ್ದ. ನಿನ್ನೆಯ ಸಂಗತಿ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ಬೆಳಿಗ್ಗೆ ಹೆಂಗಸರ ಮುಂದೆ ಅವನ ಬಾಯಿಂದ ಪಾಠ ಕೇಳಬೇಕಲ್ಲ ಎನ್ನಿಸಿ, ಆಮೇಲೆ ಹೇಳಿದರಾಯಿತು ಎಂದು ಟೈಂಕೀಪರ್ ಶೆಡ್ಡಿಗೆ ಹೋಗಿ ಹಾಜರಿ ಬರೆಯುತ್ತ ಕೂತೆ.

ಒಳಗೆ ಸಿಕ್ಕ ನೀರು ಆವಿಯಾಗಿ, ಹಾಲು ಉಕ್ಕುವಂತೆ ಡಾಂಬರು ಉಕ್ಕಿತು. ಬಾಲಮ್ಮ ಕೂಗಿದ್ದು ಕೇಳಿ ಹೊರಗೆ ಓಡಿ ಬಂದೆ. ಡ್ರಮ್ಮಿನ ಬಾಯಿಂದ ಕಪ್ಪು ನೊರೆ ಸುತ್ತಲೂ ಇಳಿಯುತ್ತಿತ್ತು, ಇಳಿದದ್ದಕ್ಕೆ ಬೆಂಕಿ ಹತ್ತಿತ್ತು. ಬಗ್ಗಿ ಕೋಲಿನಿಂದ ಕಲಕುತ್ತಿದ್ದ ಸಿದ್ದಪ್ಪ ಎರಡೂ ಕೈಯಿಂದ ಮುಖ ಹಿಡಿದುಕೊಂಡು ಹಿಂದಕ್ಕೆ ಸರಿಯುತ್ತಿದ್ದ. ಹೆಂಗಸರು ಬೆಂಕಿಯ ಮೇಲೆ ಬುಟ್ಟಿ ಬುಟ್ಟಿ ಮರಳು ಸುರಿದರು. ನಾನೂ ಬಾಲಮ್ಮನೂ ಅವನನ್ನು ರೋಲರಿನ ನೀರಿನ ತೊಟ್ಟಿಯ ಹತ್ತಿರ ಕೂರಿಸಿ ಮುಖಕ್ಕೆ ನೀರು ಹುಯ್ದೆವು. ಎಡಗಡೆ ಹಣೆಯಿಂದ ಕೆನ್ನೆಯವರೆಗೆ ಡಾಂಬರು ಅಂಟಿತ್ತು. ರೆಪ್ಪೆಯ ಮೇಲೂ. ನಾನು ಅದನ್ನು ಕೀಳಲು ಹೋದೆ.

"ಕೀಳಬ್ಯಾಡ್ರಿ," ಎಂದ. ಹಲ್ಲು ಕಚ್ಚಿಕೊಂಡೇ ಹೇಳಿದ. "ಚರ್ಮಾನೂ ಬರ್ತೈತಿ. ನೀರು ಹಾಕ್ರಿ. ಹಾಕ್ತಾ ಇರ್ರಿ."

ಕಾರ್ಖಾನೆಯ ಆಂಬುಲೆನ್ಸ್ ಬರುವವರೆಗೆ ಹಾಕುತ್ತಲೇ ಇದ್ದೆವು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಮ್ಮ ಎಣ್ಣೆಯಂಥ ದ್ರವದಲ್ಲಿ ಹತ್ತಿ ಅದ್ದಿ ಅದ್ದಿ ಒಂದು ಗಂಟೆಗೂ ಹೆಚ್ಚು ಹೊತ್ತು ಆ ಡಾಂಬರನ್ನು ಕರಗಿಸಿ ತೆಗೆದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಹೊರಗೆ ಬಂದು ನನಗೆ ಹೇಳಿದರು: ಬಲಗಣ್ಣಿಗೆ ಏನೂ ಆಗಿಲ್ಲ, ಎಡಗಣ್ಣು ಸಮಯಕ್ಕೆ ಮುಚ್ಚಿಕೊಂಡಂತೆ ಕಾಣುತ್ತದೆ, ಆದರೆ ಒಳಗೆ ಎಷ್ಟು ತಾಗಿದೆ ಎನ್ನುವುದು ನಾಲ್ಕು ದಿನ ಬಿಟ್ಟು ಪಟ್ಟಿ ಬಿಚ್ಚಿದಾಗಲೇ ಗೊತ್ತಾಗುವುದು.

ಮಧ್ಯಾಹ್ನ ದೇಸಾಯಿ ಸಾಹೇಬರು ಕರೆದರು. ಮೇಜಿನ ಮೇಲೆ ಅಪಘಾತದ ವರದಿಯ ಫಾರಂ ಇತ್ತು.

"ಮೇಸ್ತ್ರಿ ಡ್ರಮ್ಮ ನೋಡದ ಉರಿ ಹಾಕ್ಯಾನ. ಹಂಗ ಬರೀಲೇನು?" ಎಂದು ಕೇಳಿದರು.

ಹಾಗೆ ಬರೆದರೆ ಸಾಕಿತ್ತು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ಗುತ್ತಿಗೆಯ ಆಳು, ಮತ್ತೆ ಆ ಗೇಟಿನೊಳಗೆ ಬರುತ್ತಿರಲಿಲ್ಲ. ತಗಡಿನ ಸಂಗತಿ, ಬೆಳಿಗ್ಗೆ ಹೇಳದೆ ಉಳಿದ ಸಂಗತಿ, ಎಲ್ಲವನ್ನೂ ಹೇಳಿದೆ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ನಿಮ್ಮದಿನ್ನೂ ಪ್ರೊಬೇಷನ್ ಅದ. ನೆನಪದನೋ ಇಲ್ಲೋ?"

"ಅದ ಸರ್."

"ಹಂಗಾರ ನೀವ ಬರೀರಿ. ನಿಮ್ಮ ಕೈಲೇ," ಎಂದು ಫಾರಂ ನನ್ನ ಕಡೆ ತಳ್ಳಿದರು. ಬರೆದು ಸಹಿ ಹಾಕಿದೆ.

ಆ ಸಂಜೆ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ವರದಿಯೊಳಗ ಏನ ಬರದಿ?" ಎಂದರು.

"ಆದದ್ದ ಬರದೀನಿ."

"ಹಂಗಾರ ಊಟ ಮಾಡು. ನಾಳೆ ಅವಗ ಹೇಳೋದು ಉಳದದ. ಅದಕ್ಕ ಶಕ್ತಿ ಬೇಕು."

ಮರುದಿನ ಹೊತ್ತಾರೆ ಆಸ್ಪತ್ರೆಗೆ ಹೋದೆ. ಎರಡೂ ಕಣ್ಣು ಕಟ್ಟಿಸಿಕೊಂಡು ಸಿದ್ದಪ್ಪ ಮಂಚದ ಮೇಲೆ ನೆಟ್ಟಗೆ ಕೂತಿದ್ದ. ಬಾಲಮ್ಮ ಅವನಿಗೆ ಚಹಾ ಕುಡಿಸುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ತಗಡು ತೆಗೆಸಿದವಳು ನಾನು ಅಂದೆ. ಬೆಳಿಗ್ಗೆ ಹೇಳಬೇಕೆಂದುಕೊಂಡು ಹೇಳಲಿಲ್ಲ ಅಂದೆ.

ಅವನು ಚಹಾದ ಲೋಟವನ್ನು ಕೈಯಿಂದ ಪಕ್ಕಕ್ಕೆ ಸರಿಸಿದ. ಪಟ್ಟಿ ಕಟ್ಟಿದ ಮುಖದಲ್ಲಿ ಸಿಟ್ಟೋ ನೋವೋ ಓದಲು ಬರುವುದಿಲ್ಲ.

"ತಗಡು ತೆಗಿಸಿದ್ದಕ್ಕ ಏನೂ ಅನ್ನಂಗಿಲ್ರಿ. ನಿಮಗ ಗೊತ್ತಿರಲಿಲ್ಲ," ಎಂದ. "ಮುಂಜಾನೆ ಒಂದ ಮಾತು ಹೇಳಿದ್ರ ಸಾಕಿತ್ತಲ್ರಿ ಅಕ್ಕಾರ. ಒಂದ ಮಾತು."

ಬಾಲಮ್ಮ ಲೋಟ ಒರೆಸುತ್ತ ನೆಲ ನೋಡಿದಳು. ಇನ್ನು ಹೊರಡೋಣ ಎಂದು ನಾನು ತಿರುಗಿದಾಗ ಅವನೇ ಕೇಳಿದ.

"ಉಳದ ಡ್ರಮ್ಮು ಏನ ಮಾಡಿದ್ರಿ?"

"ಹಂಗೇ ಅವ. ಮುಟ್ಟಿಲ್ಲ."

"ಇನ್ನ ಐದ ದಿನ ಐತಿ. ಕುಂದರ್ರಿ, ಹೇಳ್ತೀನಿ."

ಕೂತೆ. ಕಣ್ಣು ಕಟ್ಟಿದ್ದ ಅವನು ಗಾಳಿಯಲ್ಲಿ ಕೈ ಆಡಿಸುತ್ತ ಹೇಳಿದ: ಡ್ರಮ್ಮಿಗೆ ಅರ್ಧಕ್ಕಿಂತ ಹೆಚ್ಚು ಡಾಂಬರು ಬೇಡ, ಸಣ್ಣ ಉರಿ ಸಾಕು. ಮೊದಲು ಚಟಚಟ ಸದ್ದು ಬರುತ್ತದೆ, ಅದು ನೀರು. ಆ ಸದ್ದು ಪೂರ್ತಿ ನಿಲ್ಲುವವರೆಗೆ ಒಂದು ಸೌದೆಯನ್ನೂ ಮುಂದೆ ತಳ್ಳಬೇಡಿ. ಗಾಳಿ ಬರುವ ಕಡೆ ನಿಲ್ಲಿ, ಬಗ್ಗಬೇಡಿ. ಕೋಲಿನಿಂದ ಡಾಂಬರು ಎಳೆಯಾಗಿ ತುಂಡಾಗದೆ ಇಳಿದರೆ ಹದ. ನೀಲಿ ಹೊಗೆ ಬಂದರೆ ಸುಟ್ಟಿತು, ಅದನ್ನು ಅಂಗಳಕ್ಕೆ ಹಾಕಬೇಡಿ. ನಾನು ನೀಲಿ ಪುಸ್ತಕದ ಕೊನೆಯ ಪುಟದಲ್ಲಿ ಎಲ್ಲ ಬರೆದುಕೊಂಡೆ.

"ನಿಮ್ಮ ಮನಿಯವರಿಗೆ ಪತ್ರ ಹಾಕಲೇನು?" ಎಂದು ಕೇಳಿದೆ.

"ಬ್ಯಾಡ್ರಿ. ಮಗಳು ಹಡಿಯೂ ಹೊತ್ತಿನಾಗ ಇದನ್ಯಾಕ ಆಕಿ ತಲಿಗೆ ಹಾಕೂದು?"

ಆ ನಾಲ್ಕು ದಿನ ನಾನು ಕೊಡೆ ಹಿಡಿಯಲಿಲ್ಲ. ಬಾಲಮ್ಮನೂ ನಾನೂ ಉರಿಯ ಮುಂದೆ ನಿಂತು ಚಟಚಟ ಸದ್ದು ಅಡಗುವುದನ್ನು ಕಾದೆವು. ಮೊದಲ ಡ್ರಮ್ಮಿಗೆ ಮೂರು ಗಂಟೆ ಹಿಡಿಯಿತು. ಬಾಲಮ್ಮ ಕೋಲು ಅದ್ದಿ ಎತ್ತಿದಳು, ನಾನು ಥರ್ಮಾಮೀಟರು ಇಳಿಸಿದೆ, ಎರಡೂ ಒಪ್ಪಿದ ಮೇಲೇ ಡಾಂಬರನ್ನು ಅಂಗಳಕ್ಕೆ ತೆಗೆದೆವು. ಜಾಲರಿ ಮೂತಿಯ ಡಬ್ಬಿಗಳಿಂದ ಒಬ್ಬರು ಸುರಿಯುವುದು, ಇಬ್ಬರು ಉದ್ದ ಪೊರಕೆಯಿಂದ ತೆಳ್ಳಗೆ ಎಳೆಯುವುದು, ಹಿಂದೆಯೇ ಸಣ್ಣ ಜಲ್ಲಿ ಉದುರಿಸುವುದು, ಕೊನೆಗೆ ರೋಲರು. ಒಂದು ಪಟ್ಟೆ ಮುಗಿದರೆ ಅದರ ಪಕ್ಕಕ್ಕೆ ಇನ್ನೊಂದು. ದಿನವೂ ಸಂಜೆ ಆಸ್ಪತ್ರೆಗೆ ಹೋಗಿ ಎಲ್ಲಿಯವರೆಗೆ ಆಯಿತೆಂದು ಹೇಳುತ್ತಿದ್ದೆ. ಅವನು ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಪಟ್ಟೆ ಪಟ್ಟೆ ಕೂಡುವಲ್ಲಿ ಎಷ್ಟು ಅಗಲ ಒಂದರ ಮೇಲೊಂದು ಬಂತು ಎಂದು ಮಾತ್ರ ಕೇಳುತ್ತಿದ್ದ.

ಪಟ್ಟಿ ಬಿಚ್ಚುವ ದಿನ ಕೆಲಸವನ್ನು ಬಾಲಮ್ಮನಿಗೆ ಒಪ್ಪಿಸಿ ಅಂಗಳದಿಂದ ನೇರ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಕಿಟಕಿಯ ಪರದೆ ಎಳೆದು ಕೋಣೆ ಮಂಕು ಮಾಡಿದರು. ಬಲಗಣ್ಣಿನ ಪಟ್ಟಿ ತೆಗೆದು, ಅದನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿದರು. ಆಮೇಲೆ ಎಡಗಣ್ಣಿನದು. ರೆಪ್ಪೆ ಊದಿಕೊಂಡಿತ್ತು, ಕೂದಲು ಸುಟ್ಟು ಹೋಗಿತ್ತು. ಕಣ್ಣು ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಒಳಗೆ ಕೆಂಪು. ನೀರು ಸುರಿಯುತ್ತಿತ್ತು. ಡಾಕ್ಟರಮ್ಮ ಮೂರು ಬೆರಳು ಎತ್ತಿ ಎಷ್ಟು ಎಂದು ತೆಲುಗಿನಲ್ಲಿ ಕೇಳಿದರು.

ಅವನು ಬೆರಳಿನ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿಕೊಂಡು ಕೂತಿದ್ದ. ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಅಕ್ಕಾರ, ನಿಮ್ಮ ಚಪ್ಪಲಿಗೆ ಡಾಂಬರು ಹತ್ತೇತ್ರಿ," ಎಂದ. "ಒಣಗೂದ್ರಾಗ ಸೀಮಿಎಣ್ಣಿ ಹಚ್ಚಿ ಒರಸ್ರಿ. ಇಲ್ಲಾಂದ್ರ ಮನಿತನಾ ಒಯ್ತೀರಿ."

ನಾನು ಕೆಳಗೆ ನೋಡಿದೆ. ಎಡಗಾಲಿನ ಚಪ್ಪಲಿಯ ಅಂಚಿಗೆ ಕಡಲೆಕಾಳಿನಷ್ಟು ಡಾಂಬರು ಇತ್ತು. ಡಾಕ್ಟರಮ್ಮನಿಗೆ ಕನ್ನಡ ಬರುತ್ತಿರಲಿಲ್ಲ, ಏನಂದ ಎಂದು ಕೇಳಿದರು. ಚಪ್ಪಲಿ ತೆಗೆದು ಅವರ ಮುಂದೆ ಹಿಡಿದು ತೋರಿಸಿದೆ. ಅವರು ಆ ಚುಕ್ಕೆ ನೋಡಿದರು, ನನ್ನನ್ನು ನೋಡಿದರು, ಅವನ ಬೆನ್ನು ತಟ್ಟಿ ನಕ್ಕರು. ಇನ್ನೊಂದು ವಾರ ಔಷಧ ಹಾಕಬೇಕು, ಬಿಸಿಲಿಗೆ ಕಪ್ಪು ಕನ್ನಡಕ ಇರಲಿ ಎಂದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ಅತ್ತೆ. ನಾಲ್ಕು ದಿನದಿಂದ ಎದೆಯ ಮೇಲೆ ಇದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು. ಆ ರಾತ್ರಿ ಕನಸಿಲ್ಲದೆ ನಿದ್ದೆ ಬಂತು.

ಒಂಬತ್ತನೆಯ ದಿನ ಸಿದ್ದಪ್ಪ ಅಂಗಳಕ್ಕೆ ಬಂದ. ಕಪ್ಪು ಕನ್ನಡಕ, ಕೆನ್ನೆಯ ಮೇಲೆ ಗುಲಾಬಿ ಬಣ್ಣದ ಹೊಸ ಚರ್ಮ. ನಾವು ಹಾಕಿದ ಪಟ್ಟೆಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ. ಹೆಂಗಸರು ಬುಟ್ಟಿ ಕೆಳಗಿಟ್ಟು ನಿಂತರು. ನಾನೂ ನಿಂತೆ. ಒಂದು ಕಡೆ ಹಿಮ್ಮಡಿಯಿಂದ ಒತ್ತಿ ತಿರುವಿದ. ಜಲ್ಲಿ ಏಳಲಿಲ್ಲ. ಚರಂಡಿಯ ಹತ್ತಿರದ ಪಟ್ಟೆಯಲ್ಲಿ ಕೂತು ಅಂಗೈ ಸವರಿದ.

"ಇಲ್ಲಿ ತೆಳ್ಳಗಾಗೇತಿ. ಇನ್ನೊಂದು ಕೈ ಹಾಕ್ಬೇಕು," ಎಂದ. ಆಮೇಲೆ ಎದ್ದು ನಿಂತು, "ಉಳದದ್ದು ಹಿಡದೈತಿ," ಎಂದ.

ಬಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಪಟ್ಟೆಗೆ ಇನ್ನೊಂದು ಕೈ ಹಾಕಿ ಮುಗಿಸಿದಾಗ ಹೊತ್ತು ಇಳಿದಿತ್ತು.

ನನಗೆ ಶಿಕ್ಷೆಯೂ ಬಂತು. ಎಚ್ಚರಿಕೆಯ ಮೆಮೊ, ಜೊತೆಗೆ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ. ದೇಸಾಯಿ ಸಾಹೇಬರು ಕಾಗದ ಕೊಡುತ್ತ, "ಮೇಸ್ತ್ರಿ ತಪ್ಪಂತ ವರದಿಯೊಳಗಿಲ್ಲ. ಮುಂದಿನ ಕೆಲಸಕ್ಕೂ ಅವನೇ ಬರಲಿ ಅಂತ ಬರದೀನಿ," ಎಂದಷ್ಟೇ ಹೇಳಿದರು. ಆ ಮೆಮೊ ಓದಿದಾಗ ನನಗೆ ದುಃಖವಾಗಲಿಲ್ಲ. ಮಡಚಿ ಚೀಲದಲ್ಲಿಟ್ಟುಕೊಂಡು ಹೋಗಿ ಚಹಾ ಕುಡಿದೆ.

ಮಿರಗದ ಮಳೆ ಆ ವರ್ಷ ಎರಡು ದಿನ ತಡವಾಗಿ ಬಂತು, ಬಂದದ್ದು ಮಾತ್ರ ಗಟ್ಟಿಯಾಗಿ. ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತು. ಕಾರ್ಖಾನೆಯ ಹಿಂದಿನ ರಸ್ತೆಯ ಗುಂಡಿ ಮುಚ್ಚಲು ಬಂದಿದ್ದ ಸಿದ್ದಪ್ಪ ಓಡಿಬಂದು ಟೈಂಕೀಪರ್ ಶೆಡ್ಡಿನಲ್ಲಿ ನನ್ನ ಪಕ್ಕ ನಿಂತ. ಮಗಳಿಗೆ ಹೆಣ್ಣುಕೂಸು ಹುಟ್ಟಿದೆಯೆಂದು ಊರಿನಿಂದ ಪತ್ರ ಬಂದಿತ್ತು. ಅದನ್ನು ಹೇಳುತ್ತಲೇ ಅವನ ಕಣ್ಣು ಅಂಗಳದ ಮೇಲಿತ್ತು. ಎರಡೂ ಕಣ್ಣು. ನೀರು ಎಲ್ಲೂ ನಿಲ್ಲದೆ, ಹೊಸ ಕಪ್ಪಿನ ಮೇಲೆ ಹಾಳೆಯಂತೆ ಹರಿದು ಚರಂಡಿಗೆ ಬೀಳುತ್ತಿತ್ತು.

ಬಸ್ಸುಗಳು ಬಂದು ಸಾಲಾಗಿ ನಿಂತವು. ಜನ ಇಳಿದರು. ಕೊಡೆ ಇದ್ದವರು ಕೊಡೆ ಬಿಚ್ಚಿದರು, ಇಲ್ಲದವರು ಊಟದ ಡಬ್ಬಿಯನ್ನು ಎದೆಗೊತ್ತಿಕೊಂಡು ಗೇಟಿನ ಕಡೆ ಓಡಿದರು. ಮಾತಾಡುತ್ತ ಹೋದರು, ನಗುತ್ತ ಹೋದರು. ಒಬ್ಬರೂ ನಡಿಗೆ ನಿಧಾನ ಮಾಡಲಿಲ್ಲ.

"ಯಾರೂ ಕೆಳಗ ನೋಡವಲ್ರು ನೋಡ್ರಿ ಅಕ್ಕಾರ," ಎಂದ ಸಿದ್ದಪ್ಪ.

ಅದು ದೂರಿನ ಮಾತಾಗಿರಲಿಲ್ಲ. ಕೊನೆಯ ಬಸ್ಸು ಖಾಲಿಯಾಗುವವರೆಗೆ ನಾವಿಬ್ಬರೂ ಅಲ್ಲೇ ನಿಂತು ನೋಡಿದೆವು.